ವಿಕಲವಾದದ್ದು ಯಾವುದು?

ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’ ಎಂಬ ಉದ್ದನೆಯ ಫಲಕ ಕಾಣಸಿಗುತ್ತದೆ. ‘ಅಂಗವಿಕಲ’ ಎಂದರೆ ನೋವಾಗುತ್ತದೆಂದು ಅದರ ಜಾಗಕ್ಕೆ ತಂದು ಕೂರಿಸಿದ ಪದ ‘ವಿಕಲಚೇತನ’. ಉದ್ದೇಶ ಒಳ್ಳೆಯದೇ, ಆದರೆ ಬಿಡಿಸಿ ನೋಡಿದರೆ ಎಡವಟ್ಟು. ಅಂಗವಿಕಲರಿಗೆ ಊನವಿದ್ದದ್ದು ಕೈಗೋ ಕಾಲಿಗೋ. ವಿಕಲಚೇತನರಿಗೆ ಚೇತನಕ್ಕೇ ಊನ! ಮರ್ಯಾದೆ ಕೊಡಲು ಹೊರಟವರು ಮೈಯ ಕೊರತೆಯನ್ನು ಜೀವಕ್ಕೇ ಅಂಟಿಸಿಬಿಟ್ಟರು. ‘ವಿಶೇಷಚೇತನ’ ಎಂದು ಈಚೆಗೆ ಕೆಲವರು ತಿದ್ದಿಕೊಂಡಿರುವುದು ಬಹುಶಃ ಇದಕ್ಕೇ.

ಕನ್ನಡದಲ್ಲಿ ಮುಚ್ಚುಮರೆಯಿಲ್ಲದ ಹಳೆಯ ಮಾತುಗಳಿದ್ದವು: ಕುರುಡ, ಕುಂಟ, ಕಿವುಡ, ಹೆಳವ. ಬಾಯಿಂದ ಬಾಯಿಗೆ ಬೈಗುಳವಾಗಿ ಓಡಾಡಿದ್ದರಿಂದ ಅವಕ್ಕೆ ಕಚೇರಿಯ ಬಾಗಿಲು ಮುಚ್ಚಿತು. ಹೆಳವನ ಕಥೆ ಮಾತ್ರ ಬೇರೆ. ಎತ್ತಿನೊಡನೆ ಊರೂರು ತಿರುಗಿ, ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆತನದ ವಂಶಾವಳಿಯನ್ನು ಹಾಡಿ ಹೇಳಿ, ಕಾಳುಕಡಿ ಪಡೆಯುವ ಸಮುದಾಯದ ಹೆಸರೇ ಹೆಳವರು. ತಮ್ಮ ಮೂಲಪುರುಷನಿಗೆ ಕಾಲಿರಲಿಲ್ಲ, ಎತ್ತು ದಕ್ಕಿದ್ದು ಅದಕ್ಕೇ ಎಂಬ ಐತಿಹ್ಯ ಅವರಲ್ಲಿದೆ. ಮನೆಯ ಯಜಮಾನನೇ ಮರೆತ ಮುತ್ತಜ್ಜನ ಹೆಸರು ಹೆಳವನ ನಾಲಿಗೆಯ ಮೇಲಿರುತ್ತದೆ. ತೆಲುಗು ನಾಡಿನಲ್ಲಿ ಇದೇ ಕಸುಬಿನ ಪಿಚ್ಚಿಗುಂಟ್ಲವರು ಆ ಹೆಸರು ಬೇಡವೆಂದು ‘ವಂಶರಾಜ’ರಾದರು. ಇಲ್ಲಿನವರು ಹೆಳವರಾಗಿಯೇ ಉಳಿದಿದ್ದಾರೆ. ಕುಂದನ್ನು ಹೇಳುವ ಪದವೇ ಕುಲದ ಹೆಸರಾಗಿ ತಲೆಯೆತ್ತಿ ನಿಂತಿದೆ.

ಹಕ್ಕು ಕೇಳಿದವರಿಗೆ ಹೆಸರಿಗಿಂತ ಬೇರೆ ಚಿಂತೆಗಳಿದ್ದವು. 1995ರ ಡಿಸೆಂಬರಿನಲ್ಲಿ ಗಾಲಿಕುರ್ಚಿ, ಊರುಗೋಲು, ಬಿಳಿಕೋಲುಗಳೊಂದಿಗೆ ಜನ ದೆಹಲಿಯ ಸಂಸತ್ತಿನ ಬಳಿ ಸೇರಿದರು. ಮುಂಚೂಣಿಯಲ್ಲಿದ್ದವರು ಜಾವೇದ್ ಆಬಿದಿ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು. ದೇಶದ ಮೊದಲ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಅದೇ ತಿಂಗಳು ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಏಳು ಬಗೆಯ ವೈಕಲ್ಯಗಳು, ಸರ್ಕಾರಿ ನೌಕರಿಯಲ್ಲಿ ಶೇ 3 ಮೀಸಲಾತಿ. 1991ರ ಜನಗಣತಿ ಅಂಗವಿಕಲರನ್ನು ಎಣಿಸಿಯೇ ಇರಲಿಲ್ಲ. ಪಟ್ಟು ಹಿಡಿದ ಮೇಲೆ 2001ರಲ್ಲಿ ವೈಕಲ್ಯದ ಪ್ರಶ್ನೆ ಜನಗಣತಿಗೆ ಮರಳಿತು. 2016ರ ಕಾಯ್ದೆಯಲ್ಲಿ ವೈಕಲ್ಯಗಳು 21ಕ್ಕೆ, ಮೀಸಲಾತಿ ಶೇ 4ಕ್ಕೆ ಏರಿತು.

ಈ ನಡುವೆ ಬಂದದ್ದು ‘ದಿವ್ಯಾಂಗ’. 2015ರ ಕೊನೆಯಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಕೇಳಿಬಂದ ಪದ ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರಿಗೇ ಸೇರಿತು. ಹಲವು ಸಂಘಟನೆಗಳು ಬೇಡವೆಂದು ಪತ್ರ ಬರೆದವು. ನಮ್ಮನ್ನು ಕೇಳದೆ ನಮ್ಮ ವಿಷಯ ತೀರ್ಮಾನಿಸಬೇಡಿ ಎಂಬುದು ಜಗತ್ತಿನ ಅಂಗವಿಕಲ ಚಳವಳಿಗಳ ಹಳೆಯ ತಕರಾರು; ಇಲ್ಲಿ ಹೆಸರಿಡುವಾಗಲೇ ಅದಕ್ಕೆ ಕಿವಿಗೊಡಲಿಲ್ಲ. ಮೆಟ್ಟಿಲೇ ಹತ್ತಲಾಗದ ಬಸ್ಸಿನ ಮುಂದೆ ನಿಂತವರಿಗೆ ನಿಮ್ಮ ಅಂಗ ದಿವ್ಯ ಎಂದರೆ ಅದು ಹೊಗಳಿಕೆಯೋ ಅಣಕವೋ? 2019ರಲ್ಲಿ ವಿಶ್ವಸಂಸ್ಥೆಯ ಸಮಿತಿಯೂ ಈ ಪದದ ಬಗ್ಗೆ ಆಕ್ಷೇಪ ದಾಖಲಿಸಿತು. ಅಂಗವಿಕಲರನ್ನು ಸಾರ್ವಜನಿಕವಾಗಿ, ಬೇಕೆಂದೇ ಅವಮಾನಿಸಿದರೆ ಕನಿಷ್ಠ ಆರು ತಿಂಗಳ ಸಜೆ ಎನ್ನುತ್ತದೆ 2016ರ ಕಾಯ್ದೆ. ಹಂಗಿಸುವ ಪದಗಳು ಸಾಂಸ್ಥಿಕ ತಾರತಮ್ಯವನ್ನು ಬೆಳೆಸುತ್ತವೆಂದು 2024ರ ಜುಲೈನಲ್ಲಿ ಸಿನಿಮಾವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತು.

ಎಲ್ಲ ಪದಗಳೂ ಒಂದೇ ತಕ್ಕಡಿಗೆ ಬರುವುದಿಲ್ಲ. ಸಂಜ್ಞಾಭಾಷೆ ಬಳಸುವ ಅನೇಕರು ‘ಶ್ರವಣದೋಷ’ಕ್ಕಿಂತ ನೇರವಾಗಿ ‘ಕಿವುಡರು’ ಎನಿಸಿಕೊಳ್ಳುವುದೇ ಮೇಲು ಎನ್ನುತ್ತಾರೆ. ದೋಷವೆಂಬುದು ವೈದ್ಯರ ಮಾತು, ಕಿವುಡರಿಗಿರುವುದು ಒಂದು ಭಾಷೆ.

ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಅವರ ಬಳಿಗೆ ಬರುವವರ ನಡುವೆ ಓಡಾಡುವ ಪದ ವಿಕಲವೂ ಅಲ್ಲ, ದಿವ್ಯವೂ ಅಲ್ಲ: ಪರ್ಸೆಂಟು. “ನಿಂದು ಎಷ್ಟು ಪರ್ಸೆಂಟು?” ಎಂದೇ ಪರಿಚಯ ಶುರುವಾಗುತ್ತದೆ. ವೈಕಲ್ಯದ ಪ್ರಮಾಣ ಶೇ 40ಕ್ಕಿಂತ ಕಡಿಮೆಯಾದರೆ ಮೀಸಲಾತಿ ಇಲ್ಲ. 75 ದಾಟಿದರೆ ಮಾಸಾಶನ ಹೆಚ್ಚು. 38 ಎಂದು ಬರೆಸಿಕೊಂಡವರು ಮರುತಪಾಸಣೆಗೆ ಜಿಲ್ಲಾಸ್ಪತ್ರೆಗೆ ಯಾವ ವಾರ ಹೋಗಬೇಕೆಂದು ವಿಚಾರಿಸುತ್ತಾರೆ.