ಸರ್ವಾಂಗಾಸನಕ್ಕೆ ಥೈರಾಯ್ಡ್ ಅಂಟಿಕೊಂಡದ್ದು ಯಾವಾಗ?

ಸರ್ವಾಂಗಾಸನ ಮಾಡಿದರೆ ಥೈರಾಯ್ಡ್ ಸರಿಹೋಗುತ್ತದೆ, ಶೀರ್ಷಾಸನದಿಂದ ಮಿದುಳಿಗೆ ರಕ್ತ ಹೆಚ್ಚು ಹರಿದು ನೆನಪಿನ ಶಕ್ತಿ ಬೆಳೆಯುತ್ತದೆ, ಸೊಂಟ ತಿರುಚುವ ಆಸನಗಳಿಂದ ಮೈಯೊಳಗಿನ ವಿಷವೆಲ್ಲ ಹೊರಬೀಳುತ್ತದೆ. ಯೋಗದ ತರಗತಿಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಈ ಮಾತುಗಳು ಋಷಿಮುನಿಗಳ ಕಾಲದ ತಿಳಿವಳಿಕೆ ಎಂದೇ ಚಲಾವಣೆಯಲ್ಲಿವೆ. ಗ್ರಂಥಗಳನ್ನು ತೆರೆದು ನೋಡಿದರೆ ಕಾಣುವುದೇ ಬೇರೆ. ಹದಿನೈದನೆಯ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ವಿವರಿಸುವ 15 ಆಸನಗಳಲ್ಲಿ ಶೀರ್ಷಾಸನವೂ ಇಲ್ಲ, ಸರ್ವಾಂಗಾಸನವೂ ಇಲ್ಲ. ತಲೆ ಕೆಳಗೆ, ಕಾಲು ಮೇಲೆ ಮಾಡುವ ಕ್ರಿಯೆ ಅಲ್ಲಿ ಬರುವುದು ಮುದ್ರೆಗಳ ಭಾಗದಲ್ಲಿ, ವಿಪರೀತಕರಣಿ ಎಂಬ ಹೆಸರಿನಿಂದ. ಅದಕ್ಕೆ ಕೊಟ್ಟಿರುವ ಕಾರಣವೂ ಸ್ಪಷ್ಟವಾಗಿದೆ: ತಲೆಯಲ್ಲಿರುವ ಚಂದ್ರನಿಂದ ಸುರಿಯುವ ಅಮೃತವನ್ನು ನಾಭಿಯಲ್ಲಿರುವ ಸೂರ್ಯ ನುಂಗಿಬಿಡುತ್ತಾನೆ, ದೇಹ ಮುಪ್ಪಾಗುವುದು ಅದರಿಂದಲೇ, ಮೈಯನ್ನು ತಲೆಕೆಳಗು ಮಾಡಿದರೆ ಅಮೃತ ಉಳಿಯುತ್ತದೆ. ಆರು ತಿಂಗಳ ಅಭ್ಯಾಸಕ್ಕೆ ನರೆ, ಸುಕ್ಕು ಮಾಯವಾಗುತ್ತವೆ, ದಿನವೂ ಒಂದು ಯಾಮ ಮಾಡಿದವನು ಸಾವನ್ನೇ ಗೆಲ್ಲುತ್ತಾನೆ. ಜಠರಾಗ್ನಿ ಹೆಚ್ಚುವುದರಿಂದ ಅಭ್ಯಾಸಿ ಹೇರಳವಾಗಿ ಉಣ್ಣಬೇಕು, ಇಲ್ಲವಾದರೆ ಆ ಬೆಂಕಿ ಅವನನ್ನೇ ಸುಡುತ್ತದೆ ಎಂಬ ಎಚ್ಚರಿಕೆಯೂ ಉಂಟು. ಇದು ತನ್ನದೇ ತರ್ಕವಿರುವ ಒಂದು ದೇಹದರ್ಶನ. ಅದರಲ್ಲಿ ಗ್ರಂಥಿಗಳ ಸುದ್ದಿಯೇ ಇಲ್ಲ.

ಆ ಸುದ್ದಿ ಬಂದದ್ದು ಈಚೆಗೆ, ಹೆಚ್ಚುಕಡಿಮೆ ನೂರು ವರ್ಷದ ಹಿಂದೆ. 1920ರ ದಶಕದಲ್ಲಿ ಇನ್ಸುಲಿನ್‌ನ ಪವಾಡ ಜಗತ್ತಿನ ಕಣ್ಣಮುಂದಿತ್ತು. ನಿರ್ನಾಳ ಗ್ರಂಥಿಗಳೇ ಆರೋಗ್ಯದ ಬೀಗದ ಕೈ ಎಂದು ಜನ ನಂಬತೊಡಗಿದ್ದರು. ಅದೇ ಹೊತ್ತಿಗೆ, 1924ರಲ್ಲಿ, ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮವನ್ನು ಕಟ್ಟಿ ‘ಯೋಗ ಮೀಮಾಂಸಾ’ ಪತ್ರಿಕೆ ಶುರುಮಾಡಿದರು. ಸರ್ವಾಂಗಾಸನದಲ್ಲಿ ಗದ್ದ ಎದೆಗೆ ಒತ್ತುವುದನ್ನು ಥೈರಾಯ್ಡ್ ಗ್ರಂಥಿಯ ಆರೋಗ್ಯಕ್ಕೆ ಜೋಡಿಸಿ ಬರೆದವರಲ್ಲಿ ಅವರು ಪ್ರಮುಖರು. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಹೊರತಂದು, ಒಂದೊಂದು ಆಸನ ಯಾವ ಯಾವ ರೋಗ ಕಳೆಯುತ್ತದೆ ಎಂದು ಬರೆದರು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ 1966ರ ಇಂಗ್ಲಿಷ್ ಪುಸ್ತಕದ ಮೂಲಕ ಗ್ರಂಥಿ, ರಕ್ತಸಂಚಾರಗಳ ಈ ಭಾಷೆ ಲೋಕವನ್ನೆಲ್ಲ ಸುತ್ತಿತು. ಫಲ ಹಳೆಯದೇ ಉಳಿಯಿತು, ಕಾರಣ ಮಾತ್ರ ಬದಲಾಯಿತು. ಅಮೃತ ಇದ್ದ ಕಡೆ ಹಾರ್ಮೋನು ಬಂದು ಕೂತಿತು.

ಹೊಸ ಕಾರಣ ವಿಜ್ಞಾನದ ಭಾಷೆಯಲ್ಲಿರುವುದರಿಂದ ಅದನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚುವುದು ನ್ಯಾಯ. ಥೈರಾಯ್ಡ್ ಎಷ್ಟು ಸ್ರವಿಸಬೇಕೆಂದು ಆಜ್ಞೆ ಕೊಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ. ಕುತ್ತಿಗೆ ಒತ್ತಿದರೆ ಹಾರ್ಮೋನು ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಯೋಡಿನ್ ಕೊರತೆಯಿಂದಲೋ, ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದೋ ಕುಗ್ಗಿದ ಥೈರಾಯ್ಡ್, ಒತ್ತಡಕ್ಕೆ ಮಣಿದು ಚೇತರಿಸಿಕೊಳ್ಳುವುದಿಲ್ಲ. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹೋಗುತ್ತದೆ. ನಾವು ನಿಂತರೂ ಮಲಗಿದರೂ ಆ ಹರಿವು ತೀರಾ ಏರುಪೇರಾಗದಂತೆ ರಕ್ತನಾಳಗಳು ತಾವೇ ಹಿಗ್ಗಿ ಕುಗ್ಗಿ ನೋಡಿಕೊಳ್ಳುತ್ತವೆ. ಕಣ್ಣಿಗೆ ಆ ರಕ್ಷಣೆ ಅಷ್ಟಿಲ್ಲ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಇನ್ನು ವಿಷ ಹೊರಹಾಕುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುವ ಮೂತ್ರಪಿಂಡಗಳು ಸೊಂಟ ತಿರುಚಲಿ ಎಂದು ಕಾಯುತ್ತಾ ಕೂರುವುದಿಲ್ಲ.

‘ನಮ್ಮ ಪರಂಪರೆಯನ್ನು ಪರದೇಶದ ಅಳತೆಗೋಲಿನಿಂದ ಅಳೆಯುವುದೇಕೆ?’ ಎಂಬ ಆಕ್ಷೇಪ ಇದ್ದೇ ಇದೆ. ಆದರೆ ಆ ಅಳತೆಗೋಲನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಯೋಗಿಗಳೇ ಇದ್ದರು. ಹೊಟ್ಟೆಯ ಸ್ನಾಯುಗಳನ್ನು ಸುತ್ತಿಸುವ ನೌಲಿ ಕ್ರಿಯೆ ಮಾಡುವಾಗ ನೀರು ದೊಡ್ಡ ಕರುಳಿಗೆ ಮೇಲೇರುವುದು ಹೇಗೆ ಎಂಬ ಪ್ರಶ್ನೆಗೆ ಕುವಲಯಾನಂದರು ಉತ್ತರ ಹುಡುಕಿದ್ದು ಶ್ಲೋಕದಲ್ಲಲ್ಲ. ಪಾದರಸದ ಮಾಪಕ ಜೋಡಿಸಿ, ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದನ್ನು ಕಂಡುಕೊಂಡರು. ಪ್ರಾಣಾಯಾಮದಿಂದ ದೇಹಕ್ಕೆ ಹೆಚ್ಚು ಆಮ್ಲಜನಕ ಸೇರುತ್ತದೆಂಬ ಜನಪ್ರಿಯ ನಂಬಿಕೆಯನ್ನೂ ಅವರು ಒಪ್ಪಲಿಲ್ಲ. ಅವರು ಬರೆದ ಥೈರಾಯ್ಡಿನ ವಿವರಣೆಯನ್ನು ಇಂದು ಪರೀಕ್ಷಿಸಿ ಕೈಬಿಟ್ಟರೆ ಅದು ಅವರ ದಾರಿಯಲ್ಲೇ ಮುಂದೆ ನಡೆದ ಹಾಗೆ.

‘ಮಾಡಿದವರಿಗೆ ಗುಣ ಕಂಡಿದೆಯಲ್ಲ’ ಎಂಬ ಇನ್ನೊಂದು ಮಾತು ಇದಕ್ಕಿಂತ ಗಟ್ಟಿ, ಅದನ್ನು ತಳ್ಳಿಹಾಕುವಂತಿಲ್ಲ. ಬಹುಕಾಲದ ಸೊಂಟನೋವಿಗೆ ಯೋಗದಿಂದ ಅಲ್ಪಸ್ವಲ್ಪ ಉಪಶಮನ ಸಿಗಬಹುದು ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ಬೇರೆ ವ್ಯಾಯಾಮಗಳಿಗಿಂತ ಯೋಗ ಮೇಲು ಎನ್ನುವಷ್ಟು ಪುರಾವೆ ಮಾತ್ರ ಅದಕ್ಕೆ ಸಿಗಲಿಲ್ಲ. ಹಿತವಾದ ಚಲನೆ, ನಿಧಾನದ ಉಸಿರು, ದಿನವೂ ತಪ್ಪದ ಶಿಸ್ತು ಕೊಡುವ ಫಲ ಸಣ್ಣದಲ್ಲ. ಅದನ್ನು ಗ್ರಂಥಿಯ ಲೆಕ್ಕಕ್ಕೆ ಬರೆದರೆ ಯೋಗಕ್ಕೆ ಗೌರವ ಹೆಚ್ಚುವುದಿಲ್ಲ, ರೋಗಿಗೆ ಅಪಾಯ ಹೆಚ್ಚುತ್ತದೆ. ಆಸನಗಳನ್ನು ಧಾರಾಳವಾಗಿ ಮಾಡಿ. ಆದರೆ ಸರ್ವಾಂಗಾಸನವನ್ನು ನಂಬಿ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ. ಗ್ಲಾಕೋಮಾ ಇರುವವರು ಕಣ್ಣಿನ ವೈದ್ಯರನ್ನು ಕೇಳದೆ ಶೀರ್ಷಾಸನಕ್ಕೆ ಇಳಿಯಬೇಡಿ.