ಕೈ ಬಿಡುವ ಹೊತ್ತು

ಆಫೀಸಿನ ಟೀಮ್ ಔಟಿಂಗ್‌ನಲ್ಲಿ ಒಮ್ಮೆ ಡಿಸ್ಕ್ ಗಾಲ್ಫ್ ಆಡಿಸಿದರು. ಚೆಂಡಿನ ಬದಲು ಫ್ರಿಸ್ಬಿಯಂಥ ತಟ್ಟೆ, ಗುಂಡಿಯ ಬದಲು ಸರಪಳಿ ಇಳಿಬಿಟ್ಟ ಬುಟ್ಟಿ. 45 ಡಿಗ್ರಿಗೆ ಎಸೆದರೆ ಅತಿ ದೂರ ಅನ್ನೋದು ಬಿಇ ಓದಿದ ನನಗೆ ಬಾಯಿಪಾಠ. ಹಾಗೇ ಎಸೆದೆ. ತಟ್ಟೆ ಮೂತಿ ಎತ್ತಿಕೊಂಡು ಮೇಲೇರಿ, ಗಾಳಿಯಲ್ಲಿ ನಿಂತಂತಾಗಿ, ನನ್ನ ಕಡೆಗೇ ಜಾರಿ ಬಂತು. ಎಲ್ಲರೂ ನಕ್ಕರು. ನನಗೆ ನೆನಪಾದದ್ದು ಅಜ್ಜನ ಕವಣೆ.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಸಜ್ಜೆ ತೆನೆಗೆ ಗಿಳಿ ಬಿದ್ದಾಗ ಅಜ್ಜ ಅಟ್ಟಣೆ ಮೇಲೆ ನಿಂತು ಕವಣೆ ಬೀಸೋರು. ನಾನು ಬೀಸಿದರೆ ಕಲ್ಲು ಪಕ್ಕದವರ ಹೊಲಕ್ಕೆ. "ತೋಳಿನ ಕಸುವಲ್ಲ ಮಗಾ, ಬಿಡೋ ಹೊತ್ತು ನೋಡು" ಅನ್ನೋರು. ಈಗ ಲೆಕ್ಕ ಹಾಕಿದರೆ ಮಾತು ಸರಿಯಾಗೇ ಇದೆ. ತಲೆಯ ಮೇಲೆ ಸೆಕೆಂಡಿಗೆ ಮೂರು ಸುತ್ತು ತಿರುಗುವ ಕವಣೆಯನ್ನು ಸೆಕೆಂಡಿನ ನೂರನೇ ಒಂದು ಪಾಲು ತಡವಾಗಿ ಬಿಟ್ಟರೂ ದಿಕ್ಕು ಸುಮಾರು 11 ಡಿಗ್ರಿ ತಪ್ಪುತ್ತೆ. 30 ಮೀಟರ್ ಆಚೆಗೆ ಅದು ಹೆಚ್ಚುಕಮ್ಮಿ 6 ಮೀಟರ್!

ಆ 45 ಡಿಗ್ರಿಗೂ ಒಂದು ಇತಿಹಾಸ ಇದೆ. ಫಿರಂಗಿ ಗುಂಡು ಆ ಕೋನದಲ್ಲೇ ಅತಿ ದೂರ ಹೋಗುತ್ತೆ ಅಂತ ಇಟಲಿಯ ತಾರ್ತಾಲಿಯಾ 1537ರಲ್ಲಿ ಬರೆದ. ಎಸೆದ ವಸ್ತುವಿನ ದಾರಿ ಪರವಲಯ ಅಂತ ಗೆಲಿಲಿಯೋ ತನ್ನ 1638ರ ಪುಸ್ತಕದಲ್ಲಿ ತೋರಿಸಿದ. ಆದರೆ ಆ ಲೆಕ್ಕದಲ್ಲಿ ಗಾಳಿಯೇ ಇಲ್ಲ. ತಟ್ಟೆ ಗಾಳಿಯನ್ನು ಒರಗಿಕೊಂಡೇ ಹಾರುವಂಥದ್ದು. ಮೂತಿ ಜಾಸ್ತಿ ಎತ್ತಿದರೆ ಗಾಳಿಯೇ ತಡೆಯುತ್ತೆ, ಅಂಚು ವಾಲಿಸಿದರೆ ಆ ಕಡೆಗೇ ತಿರುಗುತ್ತೆ. ಮೈಸೂರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ಡಿಸ್ಕಸ್ ಎಸೆದು ಚಿನ್ನ ಗೆದ್ದರು. ಒಳ್ಳೆಯ ಡಿಸ್ಕಸ್ ಎಸೆತಗಾರರು ಬಿಡೋದು 35ರಿಂದ 40 ಡಿಗ್ರಿ ಆಸುಪಾಸಿನಲ್ಲಿ. ಹದವಾದ ಎದುರುಗಾಳಿ ಇದ್ದರೆ ಡಿಸ್ಕಸ್ ಇನ್ನೂ ದೂರ ಹೋಗುತ್ತೆ ಅನ್ನೋದು ನಮ್ಮ ಪಠ್ಯಪುಸ್ತಕದಲ್ಲಿ ಇರಲೇ ಇಲ್ಲ.

ಇದೇ ಪಾಠದ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ. ಅಲ್ಲಿನ ಡಿಆರ್‌ಡಿಒ ಪರೀಕ್ಷಾ ವಲಯದ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ತೇಲಿ ಬಂದು ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಬೇಕೆಂದೇ ದಾರಿ ತಪ್ಪಿಸಿ ಬಿಟ್ಟರು: ಮಾರ್ಚ್‌ನಲ್ಲಿ ರನ್‌ವೇ ಗೆರೆಯಿಂದ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ. ಎರಡು ಸಲವೂ ಪುಷ್ಪಕ್ ದಾರಿ ತಿದ್ದಿಕೊಂಡು ಇಳಿಯಿತು. ಅಜ್ಜನ ಕಲ್ಲಿಗೆ ಇಲ್ಲದ ಭಾಗ್ಯ ಅದು. ಕವಣೆ ಬಿಟ್ಟ ಮೇಲೆ ಕಲ್ಲಿಗೆ ಬುದ್ಧಿ ಹೇಳೋಕಾಗಲ್ಲ.

ವಿಡಿಯೋ ನೋಡಿ ಎದೆಯುಬ್ಬಿತು, ನಿಜ. ಆದರೆ ಆ ಬಯಲು ನನಗೆ ಗೊತ್ತು. ಅದು ಅಮೃತಮಹಲ್ ಕಾವಲು, ಮೈಸೂರು ಅರಸರು ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳ ಸಾಲಿನದು. ಸುಗ್ಗಿ ಮುಗಿದ ಮೇಲೆ ಅಜ್ಜ ಕುರಿ ಹೊಡೆದುಕೊಂಡು ಹೋಗುತ್ತಿದ್ದದ್ದು ಆ ಕಡೆಗೇ, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಕವಣೆ. 2009ರ ನಂತರ ಚಳ್ಳಕೆರೆ ಕಾವಲಿನ ಎಂಟು ಸಾವಿರಕ್ಕೂ ಹೆಚ್ಚು ಎಕರೆ ರಕ್ಷಣೆ, ಅಣು, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಬೇಲಿ, ಗೋಡೆ ಎದ್ದವು. ಊರವರು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು.

ಪುಷ್ಪಕ್ ಹಾರಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಇಂಥ ಕೆಲಸಕ್ಕೆ ಬಯಲು ಬೇಕೇ ಬೇಕು. ಕಾವಲನ್ನು ಬಿಟ್ಟುಕೊಡುವ ಹೊತ್ತಿನಲ್ಲಿ ಅಲ್ಲಿ ಮೇಯಿಸುವವರನ್ನು ಕೂರಿಸಿ ಕೇಳಬೇಕಿತ್ತು, ಅಷ್ಟೇ. ಗೋಡೆ ಎದ್ದ ಮೇಲೆ ಕೇಳಿದರೆ ಅದು ಕೈಬಿಟ್ಟ ಕಲ್ಲಿಗೆ ಬುದ್ಧಿ ಹೇಳಿದ ಹಾಗೆ.

ಅಜ್ಜ ಈಗಿಲ್ಲ. ಕವಣೆ ಊರ ಮನೆಯ ಗೂಟದಲ್ಲಿ ನೇತಾಡುತ್ತಿದೆ. ಹೋದ ಹಬ್ಬಕ್ಕೆ ಹೋದಾಗ ಬೀಸಿ ನೋಡಿದೆ. ಕಲ್ಲು ಪಕ್ಕದವರ ಹೊಲಕ್ಕೇ ಹೋಯ್ತು.