ಹಲಸೂರಿನ ಕಾರ್ಯಾಗಾರ ಮತ್ತು ಒಂದು ವಿದ್ಯಾರ್ಥಿ ಸ್ಪರ್ಧೆ

ವಿದ್ಯಾರ್ಥಿಗಳ ಉದ್ಯಮಸಾಹಸದ ಚರಿತ್ರೆಯನ್ನು ಬಹುಮಾನಗಳ ಪಟ್ಟಿಯಿಂದಲೇ ಬರೆಯಲಾಗದು. ಬಿಟ್ಸ್ ಪಿಲಾನಿಯಲ್ಲಿ ಹುಟ್ಟಿದ ‘ಹೈಪರ್‌ಲೂಪ್ ಇಂಡಿಯಾ’ ತಂಡವು 2017ರಲ್ಲಿ ಬೆಂಗಳೂರಿನ ಹಲಸೂರು ಮೆಟ್ರೋ ನಿಲ್ದಾಣದ ಕೆಳಗಣ ‘ವರ್ಕ್‌ಬೆಂಚ್ ಪ್ರಾಜೆಕ್ಟ್ಸ್’ ಕಾರ್ಯಾಗಾರದಲ್ಲಿ, ಗಾಳಿ ತೆಗೆದ ಕೊಳವೆಯೊಳಗೆ ಓಡತಕ್ಕ ‘ಆರ್ಕಾಪಾಡ್’ ವಾಹನವನ್ನು ನಿರ್ಮಿಸಿತು. ಆ ವರ್ಷದ ಆಗಸ್ಟಿನಲ್ಲಿ ಸ್ಪೇಸ್‌ಎಕ್ಸ್ ಸಂಸ್ಥೆಯು ಕ್ಯಾಲಿಫೋರ್ನಿಯದಲ್ಲಿ ನಡೆಸಿದ ಸ್ಪರ್ಧೆಯ ಅಂತಿಮ ಸುತ್ತನ್ನು ತಂಡವು ಮುಟ್ಟಿತಾದರೂ, ಗಂಟೆಗೆ 324 ಕಿಲೋಮೀಟರು ವೇಗದಿಂದ ಗೆದ್ದವರು ಮ್ಯೂನಿಕ್ಕಿನ ವಿದ್ಯಾರ್ಥಿಗಳು. ಕಥೆ ಇಲ್ಲಿಗೆ ಮುಗಿಯಿತೆಂಬುದು ಅವಸರದ ತೀರ್ಮಾನ. ಆ ತಂಡದಲ್ಲಿದ್ದ, ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್ ಅವರು ಕ್ಷಿತಿಜ್ ಖಂಡೇಲ್ವಾಲ್ ಅವರೊಡಗೂಡಿ 2019ರಲ್ಲಿ ‘ಪಿಕ್ಸೆಲ್’ ಕಂಪನಿಯನ್ನು ಸ್ಥಾಪಿಸಿದರು. ಆಗಿನ್ನೂ ಇಬ್ಬರೂ ವಿದ್ಯಾರ್ಥಿಗಳೇ ಎಂಬುದು ಗಮನಾರ್ಹ. 2022ರ ಏಪ್ರಿಲ್ 1ರಂದು ಕಂಪನಿಯ ‘ಶಕುಂತಲಾ’ ಉಪಗ್ರಹವನ್ನು ಕಕ್ಷೆಗೇರಿಸಿದ್ದು ಅದೇ ಸ್ಪೇಸ್‌ಎಕ್ಸ್ ಸಂಸ್ಥೆಯ ರಾಕೆಟ್ಟು.